ಗೂಡಿಗೆ ಹೋಗದ ಕೋಳಿಗಳು

“ಮೇಡಂ, ಜೀಪಿನ ಮೇಲೆ ಒಂದು!”

ಮೀಸೆ ಕೂಗಿದ ರಭಸಕ್ಕೆ ಬಾನೆಟ್ಟಿನ ಮೇಲೆ ಕೂತಿದ್ದ ಬಿಳಿ ಕೋಳಿ ಪಟಪಟ ಹಾರಿ ಕಾಂಪೌಂಡ್ ಗೋಡೆ ಏರಿತು. ಇನ್‌ಸ್ಪೆಕ್ಟರ್ ಮೊಣಕಾಲುದ್ದದ ಹುಲ್ಲಿನಲ್ಲಿ ಎಡವಿ, ಸಾವರಿಸಿಕೊಂಡು, ಎರಡೂ ಕೈ ಚಾಚಿ ಅದರ ಮೇಲೆ ಬಿದ್ದಳು. ಕೈಗೆ ಸಿಕ್ಕಿದ್ದು ಒಂದು ಗರಿ.

ಹೊತ್ತು ಮುಳುಗುತ್ತಿತ್ತು. ಪೊಲೀಸ್ ಕ್ವಾರ್ಟರ್ಸಿನ ಹಿತ್ತಲಲ್ಲಿ ಹಳೆಯ ಬೈಕ್ ಶೆಡ್ಡಿನ ಬಾಗಿಲು ಹಾರುಹೊಡೆದು ನಿಂತಿತ್ತು. ಒಳಗೆ ನೀರಿತ್ತು, ಕಾಳಿತ್ತು, ನೆಲಕ್ಕೆ ಮೆತ್ತಗೆ ಮರದ ಹೊಟ್ಟು ಹಾಸಿತ್ತು, ಕೂರಲು ಅಡ್ಡಕೋಲೂ ಇತ್ತು. ಆರು ಕೋಳಿಗಳಲ್ಲಿ ಒಂದಾದರೂ ಆ ಕಡೆ ತಿರುಗಿ ನೋಡಬೇಕಲ್ಲ!

“ಕತ್ತಲಾಗ್ತಿದ್ದಂಗೆ ತಾವಾಗೇ ಗೂಡಿಗೆ ಹೋಗ್ತವೆ ಅಂದ್ರಲ್ಲ ಮೀಸೆಯವರೇ?”

“ನಮ್ಮಜ್ಜಿ ಮನೇಲಿ ಹೋಗ್ತಿದ್ವು ಮೇಡಂ. ಇವು ಪೊಲೀಸ್ ಕೋಳಿ. ಯಾರ ಮಾತೂ ಕೇಳಲ್ಲ.”

ಠಾಣೆಯ ಹೆಡ್ ಕಾನ್‌ಸ್ಟೇಬಲ್ ಆತ. ಮೀಸೆ ಬೋಳಿಸಿ ಮೂರು ವರ್ಷವಾಗಿತ್ತು. ಹೆಸರನ್ನು ಮಾತ್ರ ಯಾರೂ ಬೋಳಿಸಿರಲಿಲ್ಲ.

ಸಿಸ್ಟರಮ್ಮ ತನ್ನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಲೆ ಒಡೆದು ಸತ್ತು ಬಿದ್ದಿದ್ದು ಕಂಡು ಅಂದಿಗೆ ನಾಲ್ಕು ದಿನ. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸ್ ಆಗಿದ್ದವಳು, ನಿವೃತ್ತಿಯಾದ ಮೇಲೆ ಜೀವನದಲ್ಲಿ ಮೊದಲ ಸಲ ಕೋಳಿ ಸಾಕಲು ಹೊರಟಿದ್ದವಳು. ಅವಳ ಕೋಳಿಗಳನ್ನು ಕೇಳುವವರಿರಲಿಲ್ಲ. ಎರಡು ದಿನ ಅಲ್ಲೇ ಕೂಡಿಹಾಕಿ ಕಾಳೆಸೆದು, ನಿನ್ನೆ ಬೇರೆ ದಾರಿ ಕಾಣದೆ ಇನ್‌ಸ್ಪೆಕ್ಟರ್ ಇಲ್ಲಿಗೆ ತರಿಸಿದ್ದಳು. ಇವತ್ತು ಪಾಪ ಒಂದಿಷ್ಟು ಹುಲ್ಲು ಕೆದಕಲಿ ಎಂದು ಬಾಗಿಲು ತೆರೆದದ್ದೇ ತಪ್ಪಾಗಿತ್ತು.

ಆರನ್ನೂ ಹಿಡಿದು ಒಳಗೆ ಹಾಕುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು. ಮೀಸೆ ಗಡಿಯಾರ ನೋಡಿಕೊಂಡ. “ನಲವತ್ತು ನಿಮಿಷ! ಕಳ್ಳರನ್ನ ಹಿಡಿಯೋಕೂ ಇಷ್ಟು ಹೊತ್ತು ಓಡಿಲ್ಲ ಮೇಡಂ.”

ಇನ್‌ಸ್ಪೆಕ್ಟರ್ ನಲ್ಲಿಯ ಕೆಳಗೆ ಕೈ ಹಿಡಿದಳು. ಮೊಣಕೈಯಿಂದ ಮಣಿಕಟ್ಟಿನ ತನಕ ಉಗುರಿನ ಗೀರುಗಳು, ಕೆಂಪಗೆ, ಎರಡೆರಡಾಗಿ. ನೀರು ತಾಗಿ ಚುರ್ರೆಂದಿತು.

ಕೈ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತುಬಿಟ್ಟಳು.

“ಮೀಸೆಯವರೇ, ಆ ಟೈಲರ್ ಏನು ಹೇಳಿಕೆ ಕೊಟ್ಟಿದ್ರು? ಇನ್ನೊಂದ್ಸಲ ಹೇಳಿ.”

“ಪಕ್ಕದ ಮನೆಯವರಾ? ಮೂರು ಗಂಟೆ ಸುಮಾರಿಗೆ ಗೋಡೆ ಮೇಲಿಂದ ನೋಡಿದೆ, ಕೋಳಿಗಳು ಹಿತ್ತಲಲ್ಲಿ ಓಡಾಡ್ತಿದ್ವು, ಸಿಸ್ಟರಮ್ಮ ಬಾಗಿಲಲ್ಲಿ ನಿಂತಿದ್ರು ಅಂತ. ಆಮೇಲೆ ಬಟ್ಟೆ ಕೊಡೋಕೆ ಪೇಟೆಗೆ ಹೋದವರು ರಾತ್ರಿ ಬಂದ್ರಂತೆ.”

“ಡಾಕ್ಟರ್ ಪ್ರಕಾರ ಜೀವ ಹೋಗಿದ್ದು?”

“ಮೂರರಿಂದ ಐದರೊಳಗೆ. ಐದು ದಾಟಿರೋಕೆ ಸಾಧ್ಯವೇ ಇಲ್ಲ ಅಂದಿದಾರೆ.”

“ಬೆಳಿಗ್ಗೆ ಪೇಪರ್ ಹಾಕೋವರು ಹೆಣ ನೋಡಿ ಕೂಗಿಕೊಂಡ್ರು. ಏಳು ಗಂಟೆಗೆ ನಾನು ಹೋದೆ. ಗೂಡಿಗೆ ಚಿಲಕ ಹಾಕಿತ್ತು. ಒಳಗೆ ಆರು ಕೋಳಿ. ನಾನೇ ಎಣಿಸಿದೀನಿ.”

ಮೀಸೆ ತಲೆಯಾಡಿಸಿದ. ಆಮೇಲೆ ಅವನ ತಲೆಯಾಡುವುದು ನಿಂತಿತು. ಕತ್ತಲಲ್ಲಿ ಶೆಡ್ಡನ್ನೂ, ತನ್ನ ಕೈಯ ಗೀರುಗಳನ್ನೂ ನೋಡಿದ.

“ಸತ್ತವರು ಎದ್ದು ಬಂದು ಕೋಳಿ ಹಿಡಿದ್ರಾ ಮೇಡಂ?”

*

ಬೆಳಕು ಹರಿಯುವ ಹೊತ್ತಿಗೆ ಇನ್‌ಸ್ಪೆಕ್ಟರ್ ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು, ಆ ಮನೆಯಲ್ಲಿ ಸಿಕ್ಕಿದ್ದ ಸಿಸ್ಟರಮ್ಮನ ನೋಟ್‌ಬುಕ್ ಬಿಚ್ಚಿದಳು. ಇದುವರೆಗೆ ಎರಡು ಸಲ ಮಗುಚಿ ಹಾಕಿದ್ದಳು. ಕೋಳಿ ಸಾಕಣೆಯ ಟಿಪ್ಪಣಿ ಎಂದು ಬದಿಗಿಟ್ಟಿದ್ದೂ ಆಗಿತ್ತು.

ಆಸ್ಪತ್ರೆಯ ಚಾರ್ಟಿನಷ್ಟೇ ಅಚ್ಚುಕಟ್ಟು. ಎಡಗಡೆ ತಾರೀಖು, ನಡುವೆ ವಿವರ, ಬಲಗಡೆ ತೂಕ.

‘ಒಂದನೆಯ ದಿನ. ಏಳು ಮರಿ ಬಂದವು. ರಟ್ಟಿನ ಪೆಟ್ಟಿಗೆ, ಮೇಲೆ ಒಂದು ಬಲ್ಬು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಚಳಿ ಎಂದರ್ಥ. ಮೂಲೆಗೆ ಸರಿದು ಬಾಯಿ ಕಳೆದರೆ ಸೆಕೆ. ಬೆಳಿಗ್ಗೆಯಿಂದ ಬಲ್ಬನ್ನು ನಾಲ್ಕು ಸಲ ಏರಿಸಿ ಇಳಿಸಿದೆ.’

‘ಎರಡನೆಯ ದಿನ. ನೀರಿನ ತಟ್ಟೆಯಲ್ಲಿ ಗೋಲಿ ಗಾತ್ರದ ಕಲ್ಲು ತುಂಬಿದೆ. ಇಲ್ಲದಿದ್ದರೆ ಮುಳುಗಿ ಸಾಯುತ್ತವಂತೆ, ಅವಳು ಹೇಳಿದಳು. ಅವಳಿಗೆ ಹೇಗೆ ಗೊತ್ತೋ.’

ಅವಳು.

ಇನ್‌ಸ್ಪೆಕ್ಟರ್ ಪೆನ್ಸಿಲ್ ತೆಗೆದು ಆ ಪದದ ಕೆಳಗೆ ಗೆರೆ ಎಳೆದಳು. ಪುಟ ತಿರುವಿದಂತೆಲ್ಲ ಗೆರೆಗಳು ಹೆಚ್ಚಾದವು.

‘ಆರನೆಯ ದಿನ. ಒಂದಕ್ಕೆ ಹಿಂದೆ ಹಿಕ್ಕೆ ಅಂಟಿಕೊಂಡು ಕಟ್ಟಿಹೋಗಿತ್ತು. ಬಿಸಿನೀರಿನ ಹತ್ತಿಯಲ್ಲಿ ಒರೆಸಿದೆ. ಎಷ್ಟು ಮಕ್ಕಳಿಗೆ ಮಾಡಿಲ್ಲ ಈ ಸೇವೆ. ಅವಳು ನಗುತ್ತಿದ್ದಳು.’

‘ಒಂಬತ್ತನೆಯ ದಿನ. ಏಳನೆಯದು ಹೋಯಿತು. ಅಂಗೈಯಲ್ಲೇ ಹೋಯಿತು. ಅವಳು ಅತ್ತಳು. ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು.’

ಇನ್‌ಸ್ಪೆಕ್ಟರ್ ಆ ಸಾಲನ್ನು ಎರಡು ಸಲ ಓದಿದಳು. ಶೆಡ್ಡಿನೊಳಗೆ ಕೋಳಿಗಳು ಮೆಲ್ಲಗೆ ಕೊಕ್ ಕೊಕ್ ಎನ್ನುತ್ತಿದ್ದವು.

ಹತ್ತನೆಯ ದಿನದಿಂದ ತೂಕದ ಅಂಕಣದ ಬರಹ ಬೇರೆ. ಸಿಸ್ಟರಮ್ಮನ ಅಂಕಿಗಳು ಗುಂಡಗೆ, ನಿಧಾನಸ್ಥ. ಈ ಅಂಕಿಗಳಿಗೆ ಅವಸರ. ಏಳು ಬಂದಾಗಲೆಲ್ಲ ಅದರ ಸೊಂಟಕ್ಕೆ ಒಂದು ಅಡ್ಡ ಗೀಟು. ಒಬ್ಬಳು ಹಿಡಿದುಕೊಂಡಿರುತ್ತಿದ್ದಳು, ಇನ್ನೊಬ್ಬಳು ತೂಕ ಬರೆದುಕೊಳ್ಳುತ್ತಿದ್ದಳು.

ಕೊನೆಯ ಪುಟಕ್ಕೆ ಬಂದಳು.

‘ಮರಿಗಳು ದೊಡ್ಡವಾದವು. ಇವತ್ತು ಹಿತ್ತಲಿನ ಹೊಸ ಗೂಡಿಗೆ ಹಾಕಿದೆವು. ಏಳು ದಿನ ಹೊರಗೆ ಬಿಡಬಾರದು. ಇದೇ ನಮ್ಮ ಮನೆ ಅಂತ ತಿಳಿಯುವ ತನಕ ಒಳಗೇ ಇರಬೇಕು. ಮೊದಲೇ ಬಿಟ್ಟರೆ ಸಂಜೆ ವಾಪಸು ಬರುವುದಿಲ್ಲ, ಒಂದೊಂದನ್ನೂ ಕೈಯಲ್ಲಿ ಹಿಡಿದು ತರಬೇಕಾಗುತ್ತದೆ.’

‘ಎರಡನೆಯ ದಿನ. ಜಗಳ.’

ಅಷ್ಟೇ. ವಿವರವಿರಲಿಲ್ಲ. ಅದರ ಕೆಳಗೆ, ಸತ್ತ ದಿನದ ಬೆಳಿಗ್ಗೆ ಬರೆದದ್ದು ನಾಲ್ಕು ಸಾಲು. ಅದನ್ನು ಓದಿ ಮುಗಿಸಿ ಇನ್‌ಸ್ಪೆಕ್ಟರ್ ನೋಟ್‌ಬುಕ್ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡಳು.

ಅಷ್ಟರಲ್ಲಿ ಮೀಸೆ ಬಂದ. ಶೆಡ್ಡಿನೊಳಗೆ ಬಗ್ಗಿ ನೀರಿನ ತಟ್ಟೆ ಹೊರಗೆಳೆದ. ಅವನ ಖಾಕಿ ಅಂಗಿಯ ಕಾಲರ್ ಹೊರಳಿ ಒಳಗಿನ ಗುರುತು ಕಾಣಿಸಿತು. ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಅದಲುಬದಲಾಗಬಾರದೆಂದು ಮಸಿಯಲ್ಲಿ ಬರೆಯುತ್ತಾರಲ್ಲ, ಅದು. ನಲವತ್ತೇಳು. ಏಳರ ಸೊಂಟಕ್ಕೆ ಅಡ್ಡ ಗೀಟು.

“ಅಲುಗಾಡಬೇಡಿ!”

ಮೀಸೆ ಬಗ್ಗಿದಲ್ಲೇ ಕಲ್ಲಾದ. “ಹಾವಾ ಮೇಡಂ?”

“ನಿಮ್ಮ ಬಟ್ಟೆ ಇಸ್ತ್ರಿ ಮಾಡೋರು ಯಾರು?”

“ಇನ್ಯಾರು, ಪೋಸ್ಟಾಫೀಸ್ ಹಿಂದಿನ ಇಸ್ತ್ರಿಯಮ್ಮ.” ಅವನು ನಿಧಾನಕ್ಕೆ ಬೆನ್ನು ನೆಟ್ಟಗೆ ಮಾಡಿದ. “ಸಿಸ್ಟರಮ್ಮನ ತಂಗಿ. ಆದ್ರೆ ಅವರಿಬ್ಬರ ನಡುವೆ ಒಂಬತ್ತು ವರ್ಷದಿಂದ ಮಾತಿಲ್ಲ ಮೇಡಂ. ಇಡೀ ಊರಿಗೇ ಗೊತ್ತು.”

ಗೊತ್ತಿತ್ತು. ಹೇಳಿಕೆಯಲ್ಲಿ ತಂಗಿ ಬರೆಸಿದ್ದೂ ಅಷ್ಟೇ: ಒಂಬತ್ತು ವರ್ಷದಿಂದ ಆ ಮನೆ ಮೆಟ್ಟಿಲು ಹತ್ತಿಲ್ಲ, ನನಗೇನೂ ಗೊತ್ತಿಲ್ಲ.

*

ಇಸ್ತ್ರಿ ಅಂಗಡಿ ಎಂದರೆ ಒಂದು ಮೇಜು, ಒಂದು ಕಿಟಕಿ, ಮೂರು ಗೋಡೆಗೂ ಬಟ್ಟೆಯ ಅಟ್ಟಿಗಳು. ಮಧ್ಯಾಹ್ನದ ಬಿಸಿಲು ಸಾಲದೆಂಬಂತೆ ಪೆಟ್ಟಿಗೆಯ ಕಾವು ಬೇರೆ. ಆ ಧಗೆಯಲ್ಲೂ ಇಸ್ತ್ರಿಯಮ್ಮ ಮಣಿಕಟ್ಟಿನ ತನಕ ಬರುವ ಉಣ್ಣೆಯ ಸ್ವೆಟರ್ ತೊಟ್ಟಿದ್ದಳು. ಹಣೆಯಿಂದ ಬೆವರು ಇಳಿಯುತ್ತಿತ್ತು.

“ಬಟ್ಟೆ ನಾಳೆ ಆಗತ್ತೆ ಮೇಡಂ,” ಎಂದಳು ತಲೆ ಎತ್ತದೆ.

“ಬಟ್ಟೆಗೆ ಬಂದಿಲ್ಲ. ಮೀಸೆಯವರೇ, ನೀವು ಸ್ವಲ್ಪ ಹೊರಗಿರಿ.”

ಇನ್‌ಸ್ಪೆಕ್ಟರ್ ಸ್ಟೂಲು ಎಳೆದುಕೊಂಡು ಕೂತಳು. ಅಂಗಿಯ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಗೀರುಗಳು ಒಣಗಿ ಕಪ್ಪಾಗಿದ್ದವು.

“ನಿನ್ನೆ ಸಂಜೆ ಆರು ಕೋಳಿ ಹಿಡಿದೆ. ಅಭ್ಯಾಸವಿಲ್ಲ ನೋಡಿ, ಹೀಗಾಯ್ತು. ಕೆಂಪು ಕೋಳಿ ಜಾಸ್ತಿ ಪರಚತ್ತೆ ಅಲ್ವಾ?”

ಇಸ್ತ್ರಿ ಪೆಟ್ಟಿಗೆ ನಿಂತಿತು. ಕೆಳಗಿದ್ದ ಬಿಳಿ ಅಂಗಿಯಿಂದ ಸುಟ್ಟ ವಾಸನೆ ಏಳತೊಡಗಿತು. ಇನ್‌ಸ್ಪೆಕ್ಟರ್ ಕೈ ಚಾಚಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

“ಸ್ವೆಟರ್ ತೆಗೀರಮ್ಮ. ಸೆಕೆ ಆಗ್ತಿದೆ ನಿಮಗೆ.”

ಇಸ್ತ್ರಿಯಮ್ಮ ತೆಗೆಯಲಿಲ್ಲ. ತೋಳುಗಳನ್ನು ಮಾತ್ರ ಮೇಲಕ್ಕೆಳೆದಳು. ಹಳೆಯ ಸುಟ್ಟ ಕಲೆಗಳ ಮೇಲೆ ಹಾದು ಹೋದ ಗೀರುಗಳು, ಎರಡೆರಡಾಗಿ.

“ನಾನೇ ಹಿಡಿದಿದ್ದು,” ಎಂದಳು. “ಅಕ್ಕನ್ನ ನಾನೇನೂ ಮಾಡಿಲ್ಲ.”

“ಮೊದಲಿಂದ ಹೇಳಿ. ಒಂಬತ್ತು ವರ್ಷ ಮಾತಿಲ್ಲದವರು ಹೇಗೆ ಸೇರಿದ್ರಿ?”

ಇಸ್ತ್ರಿಯಮ್ಮ ಸುಟ್ಟ ಅಂಗಿಯನ್ನು ಮಡಚುತ್ತ ಹೇಳಿದಳು. ಕೈಗೆ ಕೆಲಸವಿಲ್ಲದಿದ್ದರೆ ಬಾಯಿ ಬಿಡಲಾಗದು ಎಂಬಂತೆ.

“ಅಮ್ಮ ಸಾಯೋವಾಗ ಅಕ್ಕ ಆಸ್ಪತ್ರೆಲಿದ್ಲು. ಯಾರದೋ ಕಷ್ಟದ ಹೆರಿಗೆ. ಮೂರು ಸಲ ಹೇಳಿ ಕಳಿಸಿದೆ. ಬಂದಾಗ ಎಲ್ಲಾ ಮುಗಿದಿತ್ತು. ಊರವರ ಮಕ್ಕಳಿಗೆಲ್ಲ ಬೇಕಾದವಳು ಹೆತ್ತವಳಿಗೆ ಆಗ್ಲಿಲ್ವಲ್ಲೇ ಅಂದೆ. ಬಾಗಿಲಲ್ಲೇ ಅಂದೆ, ಎಲ್ಲರ ಎದುರಿಗೆ. ತಿರುಗಿ ಹೋದವಳು ಮತ್ತೆ ಬರ್ಲಿಲ್ಲ. ನಾನೂ ಹೋಗ್ಲಿಲ್ಲ.”

“ಆಮೇಲೆ?”

“ಎರಡೂವರೆ ತಿಂಗಳ ಹಿಂದೆ ಬಸ್ ಸ್ಟ್ಯಾಂಡಿನ ಪಾರ್ಸೆಲ್ ಆಫೀಸಿಗೆ ಹೋಗಿದ್ದೆ. ಅಲ್ಲಿ ಅಕ್ಕ ನಿಂತಿದ್ಲು, ಕೈಯಲ್ಲೊಂದು ರಟ್ಟಿನ ಡಬ್ಬ. ಒಳಗೆ ಚಿಂವ್ ಚಿಂವ್ ಅಂತಿತ್ತು. ಜೋರು ಗಾಳಿ. ಅವಳ ಕೈ ನಡುಗ್ತಿತ್ತು ಮೇಡಂ. ಎಷ್ಟು ಮಕ್ಕಳನ್ನ ಹಿಡಿದ ಕೈ ಅದು! ಯಾವಾಗ ಇಷ್ಟು ಮುದುಕಿ ಆದ್ಲು ಅಂತ ನನಗೆ...” ಅವಳು ಅಂಗಿಯ ಗುಂಡಿ ಹಾಕಿದಳು, ಬಿಚ್ಚಿದಳು. “ಡಬ್ಬ ಕಿತ್ಕೊಂಡು ಸೆರಗಿನೊಳಗೆ ಇಟ್ಕೊಂಡೆ. ಚಳಿಗೆ ಸಾಯ್ತಾವೆ, ಬೇಗ ನಡಿಯೇ ಅಂದೆ. ಒಂಬತ್ತು ವರ್ಷದಲ್ಲಿ ಆಡಿದ ಮೊದಲ ಮಾತು ಅದೇ.”

ಅವತ್ತಿನಿಂದ ದಿನಾ ಸಂಜೆ ಅಂಗಡಿ ಮುಚ್ಚಿ ಹಿಂದಿನ ಓಣಿಯಿಂದ ಹೋಗುತ್ತಿದ್ದಳು. ಊರಿಗೆ ಹೇಳಲಿಲ್ಲ. ಒಂಬತ್ತು ವರ್ಷ ಬಿಗಿದುಕೊಂಡಿದ್ದನ್ನು ಕೋಳಿಮರಿಗಳಿಗಾಗಿ ಬಿಟ್ಟೆವು ಎಂದರೆ ನಗುತ್ತಾರೆ ಎಂದು ಇಬ್ಬರಿಗೂ ನಾಚಿಕೆ.

“ಜಗಳ ಯಾಕೆ ಬಂತು?”

“ಕೋಳಿಗಳು ಹೊಸ ಗೂಡಲ್ಲಿ ಬಡ್ಕೋತಿದ್ವು. ಒಂದು ಗಂಟೆ ಹೊರಗೆ ಬಿಡೇ ಪಾಪ ಅಂದೆ. ಏಳು ದಿನ ಅಂದ್ರೆ ಏಳು ದಿನ ಅಂದ್ಲು. ನಿನ್ನದೆಲ್ಲ ಆಸ್ಪತ್ರೆ ರೂಲ್ಸು, ಜೀವ ಹೋಗ್ತಿದ್ರೂ ರೂಲ್ಸೇ ಅಂದೆ. ಅವಳ ಮುಖ ಸಣ್ಣಗಾಯ್ತು. ಅಮ್ಮನ ವಿಷಯ ಎತ್ತಿದೆ ಅಂತ ಗೊತ್ತಾಯ್ತು ನನಗೂ. ಆದ್ರೆ ಬಾಯಿಂದ ಹೋಗಿತ್ತಲ್ಲ. ಬಿಟ್ರೆ ಹಿಡಿಯೋಳು ನೀನೇ, ನೋಡ್ಕೋ ಅಂದ್ಲು ಅಕ್ಕ. ಎದ್ದು ಬಂದೆ.”

“ಮಾರನೆಯ ದಿನವೂ ಹೋದ್ರಿ.”

“ಆರು ಗಂಟೆಗೆ. ತಡೆಯೋಕಾಗ್ಲಿಲ್ಲ. ಹೋಗಿ ನೋಡ್ತೀನಿ, ಗೂಡಿನ ಬಾಗಿಲು ತೆಗೆದಿದೆ, ಕೋಳಿಗಳು ಗೋಡೆ ಮೇಲೆ, ಹಗ್ಗದ ಮೇಲೆ, ಕಂಡಕಂಡಲ್ಲಿ ಕೂತಿದಾವೆ. ಅಕ್ಕ ಇಲ್ಲ. ಹಿಂದಿನ ಬಾಗಿಲು ಚಿಲಕ ಹಾಕದೆ ಸುಮ್ಮನೆ ಮುಂದೆ ಮಾಡಿತ್ತು. ಕೂಗಿದೆ, ಉತ್ತರ ಇಲ್ಲ.” ಅವಳ ದನಿ ಒರಟಾಯಿತು. “ನನಗೆ ಬುದ್ಧಿ ಕಲಿಸೋಕೆ ಬಿಟ್ಟು ಹೋಗಿದಾಳೆ ಅಂದ್ಕೊಂಡೆ. ಬಿಡು ಅಂದ್ಯಲ್ಲ, ಬಿಟ್ಟಿದೀನಿ, ಹಿಡಿ ಈಗ ಅಂತ. ಸಿಟ್ಟು ನೆತ್ತಿಗೇರ್ತು. ಹಿಡಿದು ಹಿಡಿದು ಹಾಕಿದೆ. ಹೋಗೋವಾಗ ಬಾಗಿಲ ಕಡೆ ತಿರುಗಿ, ಇನ್ನು ನಿನ್ನ ಮನೆ ಮೆಟ್ಟಿಲು ತುಳಿಯಲ್ಲ ಅಂತ ಜೋರಾಗಿ ಕೂಗಿ ಬಂದೆ. ಒಳಗೆ ಕೂತು ಕೇಳಿಸ್ಕೊಳ್ಲಿ ಅಂತ.”

ಹೊರಗೆ ಯಾವುದೋ ಸೈಕಲ್ಲಿನ ಗಂಟೆ ಬಡಿಯಿತು. ಇನ್‌ಸ್ಪೆಕ್ಟರ್ ಕೈಚೀಲದಿಂದ ನೋಟ್‌ಬುಕ್ ತೆಗೆದಳು. ಕೊಡಬೇಕೋ ಬೇಡವೋ ಎಂದು ಒಂದು ಕ್ಷಣ ತಡೆದಳು. ತನಿಖೆಗೆ ಇದರ ಅಗತ್ಯವಿರಲಿಲ್ಲ. ಆದರೆ ಈ ಸಾಲುಗಳು ತಲುಪಬೇಕಾದವಳು ಲೋಕದಲ್ಲಿ ಒಬ್ಬಳೇ ಇದ್ದಳು.

“ಅವತ್ತು ಬೆಳಿಗ್ಗೆ ನಿಮ್ಮಕ್ಕ ಬರೆದದ್ದು,” ಎಂದು ಪುಟ ತೆರೆದು ಮುಂದಿಟ್ಟಳು.

ಇಸ್ತ್ರಿಯಮ್ಮ ಬೆರಳಿಟ್ಟು ಓದಿದಳು, ತುಟಿ ಅಲುಗಿಸುತ್ತ.

‘ಮೂರನೆಯ ದಿನ. ರಾತ್ರಿಯೆಲ್ಲ ಯೋಚಿಸಿದೆ. ಅವಳು ಹೇಳಿದ್ದೇ ಸರಿ. ಮಧ್ಯಾಹ್ನ ಬಿಡುತ್ತೇನೆ. ಸಂಜೆ ಅವಳು ಬಂದಾಗ ಹೊರಗೆ ಓಡಾಡುತ್ತಿರಲಿ, ನೋಡಿ ಖುಷಿಪಡಲಿ. ಇಬ್ಬರೂ ಸೇರಿ ಹಿಡಿದರಾಯಿತು.’

ಬೆರಳು ಕೊನೆಯ ಪದದ ಮೇಲೆ ನಿಂತಿತು. ಅಲ್ಲಿಂದ ಮತ್ತೆ ಮೊದಲ ಸಾಲಿಗೆ ಹೋಯಿತು. ಮತ್ತೆ ಓದಿದಳು.

ಅವಳು ಕೂಗಿ ಅಳಲಿಲ್ಲ. ಅಟ್ಟಿಯಿಂದ ಯಾರದೋ ತೊಳೆದ ಟವೆಲ್ ಎಳೆದು ಬಾಯಿಗೆ ಒತ್ತಿಕೊಂಡು, ಮೇಜಿನ ಹಿಂದೆ ನೆಲಕ್ಕೆ ಕುಸಿದಳು. ಬೆನ್ನು ಮಾತ್ರ ಏರಿಳಿಯುತ್ತಿತ್ತು. ಇನ್‌ಸ್ಪೆಕ್ಟರ್ ಎದ್ದು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಹದಿನೆಂಟು ವರ್ಷದ ನೌಕರಿಯಲ್ಲಿ ಇಂಥ ಬೆನ್ನುಗಳನ್ನು ಬಹಳ ನೋಡಿದ್ದಳು. ಏನು ಹೇಳಬೇಕೆಂದು ಇನ್ನೂ ಕಲಿತಿರಲಿಲ್ಲ.

ಇಸ್ತ್ರಿಯಮ್ಮ ಟವೆಲ್ ಕೆಳಗಿಳಿಸಿದ ಮೇಲೆ ಕೇಳಿದಳು. “ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ?”

“ಏನಂತ ಹೇಳ್ಲಿ? ಅಕ್ಕ ಸತ್ತ ದಿನ ಅವಳ ಬಾಗಿಲಿಗೆ ನಿಂತು ಬೈದು ಬಂದೆ ಅಂತಾನಾ?”

ಇನ್‌ಸ್ಪೆಕ್ಟರಿನ ಮನಸ್ಸು ಒಂದು ಕಡೆ ಮೆತ್ತಗಾಗಿದ್ದರೂ ಇನ್ನೊಂದು ಕಡೆ ಲೆಕ್ಕ ತಪ್ಪುತ್ತಿತ್ತು. ಆರು ಗಂಟೆಗೆ ಬಂದಿದ್ದಾಳೆ. ಐದಕ್ಕೆ ಮುಂಚೆಯೇ ಸಿಸ್ಟರಮ್ಮನ ಜೀವ ಹೋಗಿತ್ತು. ಆ ಹಿತ್ತಲೇನು ಮೈದಾನವಲ್ಲ, ಅಂಗೈಯಗಲ.

“ಒಂದು ಮಾತು ಸರಿಯಾಗಿ ಹೇಳಿ. ಕೋಳಿ ಹಿಡಿಯೋಕೆ ಹಿತ್ತಲೆಲ್ಲ ಓಡಾಡಿದ್ರಿ. ಒಗೆಯೋ ಕಲ್ಲಿನ ಕಡೆ ಹೋಗ್ಲಿಲ್ವಾ?”

“ಹೋಗದೆ ಏನು? ಐದು ಹಿಡಿಯೋಷ್ಟರಲ್ಲಿ ಉಸಿರು ಕಟ್ಟಿತ್ತು. ಆ ಕಲ್ಲಿನ ಮೇಲೇ ಕೂತು ಸುಧಾರಿಸ್ಕೊಂಡೆ.”

“ಕಲ್ಲಿನ ಮೇಲೆ?”

“ಹೂಂ. ಕಾಲು ಇಳಿಬಿಟ್ಕೊಂಡು.”

ಹೆಣ ಸಿಕ್ಕಿದ್ದು ಆ ಕಲ್ಲಿನ ಬುಡದಲ್ಲಿ. ಅಲ್ಲಿ ಕಾಲು ಇಳಿಬಿಟ್ಟರೆ ಪಾದ ಸಿಸ್ಟರಮ್ಮನ ಭುಜಕ್ಕೆ ತಾಗಬೇಕು. ಇನ್‌ಸ್ಪೆಕ್ಟರ್ ಅವಳ ಮುಖವನ್ನೇ ನೋಡಿದಳು. ಕಣ್ಣು ಊದಿತ್ತು, ಮೂಗು ಕೆಂಪಾಗಿತ್ತು, ಆದರೆ ನೋಟ ಕದಲಲಿಲ್ಲ. ಸುಳ್ಳು ಹೇಳುವವಳಿಗೆ ಇದಕ್ಕಿಂತ ಸುಲಭದ ಸುಳ್ಳು ನೂರಿದ್ದವು. ಕಲ್ಲಿನ ಕಡೆ ಹೋಗಲೇ ಇಲ್ಲ ಎಂದರೆ ಸಾಕಿತ್ತು.

“ಆಗ ಇನ್ನೂ ಬೆಳಕಿತ್ತಾ?”

“ಸೂಜಿ ಪೋಣಿಸೋಷ್ಟು ಬೆಳಕಿತ್ತು ಮೇಡಂ. ಕೆಳಗೆ ಏನೂ ಇರ್ಲಿಲ್ಲ. ಸಾಬೂನಿನ ಚೂರು ಒಂದು ಬಿದ್ದಿತ್ತು ಅಷ್ಟೇ. ಅಕ್ಕ ಅಲ್ಲಿರಲಿಲ್ಲ.”

ಇನ್‌ಸ್ಪೆಕ್ಟರಿನ ಕಿವಿಗೆ ಈಗ ತಾನೇ ಬಿದ್ದು ದಾಟಿಹೋದ ಇನ್ನೊಂದು ಮಾತು ತಿರುಗಿ ಬಂತು.

“ಐದು ಹಿಡಿದೆ ಅಂದ್ರಿ.”

“ಐದೇ ಸಿಕ್ಕಿದ್ದು. ಚುಕ್ಕೆ ಕೋಳಿ ಎಲ್ಲೂ ಇರ್ಲಿಲ್ಲ. ಕತ್ತಲಾಗೋ ತನಕ ಹುಡುಕಿದೆ. ಕೊನೆಗೆ ಐದನ್ನೇ ಒಳಗೆ ಹಾಕಿ ಚಿಲಕ ಹಾಕ್ದೆ. ಅಕ್ಕ ಆ ಒಂದನ್ನ ಹುಡುಕ್ಕೊಂಡು ಎಲ್ಲಾದ್ರೂ ಹೋಗಿರಬಹುದು ಅಂತ ಆ ಸಿಟ್ಟಿನಲ್ಲಿ ನನಗೆ ಹೊಳೀಲೇ ಇಲ್ಲ.”

ಕಿಟಕಿಯಾಚೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮೀಸೆ ಒಳಗೆ ಬಂದೇಬಿಟ್ಟ. ಮರುದಿನ ಬೆಳಿಗ್ಗೆ ಗೂಡಿನಲ್ಲಿದ್ದವು ಆರು. ಚುಕ್ಕೆ ಕೋಳಿ ಅಡ್ಡಕೋಲಿನ ತುದಿಯಲ್ಲಿ ರೆಕ್ಕೆ ಮುದುರಿ ಕೂತಿದ್ದನ್ನು ಅವನೂ ನೋಡಿದ್ದ.

ಕತ್ತಲಾದ ಮೇಲೆ ಯಾರೋ ಬಂದಿದ್ದರು. ಎಲ್ಲಿಂದಲೋ ಹೆಣ ಹೊತ್ತು ತಂದು ಕಲ್ಲಿನ ಬುಡದಲ್ಲಿ ಮಲಗಿಸಿದ್ದರು. ಆ ಅವಸರದಲ್ಲೂ ಅವಳ ಕೋಳಿಯನ್ನು ಬಿಟ್ಟು ಬಂದಿರಲಿಲ್ಲ. ಗೂಡಿನ ಚಿಲಕ ತೆಗೆದು, ಅದನ್ನು ಒಳಗೆ ಕೂರಿಸಿ, ಮತ್ತೆ ಚಿಲಕ ಹಾಕಿ ಹೋಗಿದ್ದರು.

ಇಸ್ತ್ರಿಯಮ್ಮ ಇಬ್ಬರ ಮುಖವನ್ನೂ ನೋಡಿದಳು. ಏನೋ ಅರ್ಥವಾಗತೊಡಗಿ, ಅರ್ಥವಾಗುವುದೇ ಬೇಡ ಎಂಬಂತೆ ಟವೆಲನ್ನು ಎದೆಗೆ ಅವಚಿಕೊಂಡಳು.

“ಮೇಡಂ, ನಾನು ಅಲ್ಲಿ ಕೂತು ಬೈತಿದ್ನಲ್ಲ,” ಎಂದಳು ಉಡುಗಿದ ದನಿಯಲ್ಲಿ, “ಆಗ ನಮ್ಮಕ್ಕ ಎಲ್ಲಿದ್ಲು?”